ಕಂಠಕ್ಕೊಂದು ಪಿಟೀಲು: ಹೋಲ್ಸ್ಟ್ ಹಾಡುಗಳೂ ನಮ್ಮ ತಾಳಮುಕ್ತ ಗಾಯನವೂ

ಬ್ರಿಟಿಷ್ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್ (1874–1934) ಅವರು 1916–17ರಲ್ಲಿ ಕಂಠ ಮತ್ತು ಪಿಟೀಲಿಗೆಂದೇ ನಾಲ್ಕು ಹಾಡುಗಳನ್ನು ರಚಿಸಿದರು. ಇವುಗಳಲ್ಲಿ ಪಿಯಾನೊ ಇಲ್ಲ, ಲಯವಾದ್ಯವೂ ಇಲ್ಲ. ದಾವಣಗೆರೆ–ಹರಿಹರ ಸೀಮೆಯಲ್ಲಿ ವಚನ, ಉಗಾಭೋಗ ಹಾಡುವವರು ಈ ಹಾಡುಗಳನ್ನು ಗಮನವಿಟ್ಟು ಕೇಳಬೇಕು ಎಂಬುದು ಈ ಟಿಪ್ಪಣಿಯ ವಾದ.

ಹೋಲ್ಸ್ಟ್ ಸಂಸ್ಕೃತ ಕಲಿತು, ಋಗ್ವೇದದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದು ಸ್ವರ ಹಾಕಿದವರು. ಮಹಾಭಾರತದ ಕಥೆ ಆಧರಿಸಿದ ಅವರ ‘ಸಾವಿತ್ರಿ’ ಸಂಗೀತ ನಾಟಕ 1916ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂತು. ಅದು ತೆರೆಯುವುದು ಯಾವ ವಾದ್ಯದ ಆಸರೆಯೂ ಇಲ್ಲದ ಯಮನ ಒಂಟಿ ದನಿಯಿಂದ. ನುಡಿಯ ನಡೆಯೇ ಸ್ವರವನ್ನು ನಡೆಸಬೇಕೆಂಬ ಆ ಹಂಬಲ ನಾಲ್ಕು ಹಾಡುಗಳಲ್ಲೂ ಇದೆ. ಥ್ಯಾಕ್ಸ್‌ಟೆಡ್ ಊರಿನ ಚರ್ಚಿನಲ್ಲಿ ಹೆಣ್ಣುಮಗಳೊಬ್ಬಳು ತನ್ನ ಪಿಟೀಲಿಗೆ ತಾನೇ ದನಿಗೂಡಿಸುತ್ತಿದ್ದುದನ್ನು ಕೇಳಿದ್ದೇ ಇವುಗಳಿಗೆ ಪ್ರೇರಣೆ. ಸಾಹಿತ್ಯ ಮಧ್ಯಯುಗದ ಇಂಗ್ಲಿಷ್ ಭಕ್ತಿಗೀತೆಗಳದು. ನಾಲ್ಕನೆಯದರಲ್ಲಿ ಕ್ರಿಸ್ತನೇ ನಲ್ಲ. ಶರಣಸತಿ–ಲಿಂಗಪತಿ ಭಾವವನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ.

ಇನ್ನು ನಮ್ಮ ಸೀಮೆಗೆ ಬಂದರೆ, ಹರ್ಡೇಕರ್ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳೊಡನೆ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸಿದ್ದು ದಾವಣಗೆರೆಯಲ್ಲಿ. ಪಕ್ಕದ ಹರಿಹರದಲ್ಲಿ, ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ, ಹರಿಯೂ ಹರನೂ ಒಂದೇ ಮೂರ್ತಿ. ಶರಣರ ವಚನ, ದಾಸರ ಉಗಾಭೋಗ ಎರಡಕ್ಕೂ ಕಿವಿಗೊಡುವ ಸೀಮೆ ಇದು. ಎರಡೂ ತಾಳಕ್ಕೆಂದು ಕಟ್ಟಿದವಲ್ಲ. ಆದರೆ ವಚನ ಇಂದು ಹೆಚ್ಚಾಗಿ ಹಾರ್ಮೋನಿಯಂ, ತಬಲಾದೊಡನೆ ತಾಳಕ್ಕೆ ಕೂರುತ್ತದೆ. ಆವರ್ತ ತುಂಬಿಸಲು ಪದಗಳನ್ನು ಎಳೆಯಬೇಕಾಗುತ್ತದೆ, ಸಾಲುಗಳನ್ನು ಮತ್ತೆ ಮತ್ತೆ ಹಾಡಬೇಕಾಗುತ್ತದೆ. ಉಗಾಭೋಗ ಮಾತ್ರ ಕಛೇರಿಯಲ್ಲಿ ತಾಳದ ಹಂಗಿಲ್ಲದೆ ಉಳಿದಿದೆ.

ಉಗಾಭೋಗಕ್ಕೆ ನುಡಿಸುವ ಪಿಟೀಲು ಗಾಯಕರ ಬೆನ್ನಿಗೇ ಇರುತ್ತದೆ: ಸಾಲು ಮುಗಿದು ಉಸಿರು ತೆಗೆದುಕೊಳ್ಳುವಾಗ ಅದೇ ಸಂಚಾರವನ್ನು ಮರಳಿ ತೋರಿಸುತ್ತದೆ. ತಂತಿಗಳು ಗಾಯಕರ ಶ್ರುತಿಗೆ ಸ–ಪ–ಸ–ಪ ಆಗಿ ಕೂಡಿರುತ್ತವೆ, ಹಿಂದೆ ತಂಬೂರಿ ಇರುತ್ತದೆ. ಹೋಲ್ಸ್ಟ್‌ರಲ್ಲಿ ತಂಬೂರಿಯಂಥ ಆಧಾರ ಶ್ರುತಿಯಿಲ್ಲ. ಅವರ ಪಿಟೀಲು ಬಹುಮಟ್ಟಿಗೆ ತನ್ನದೇ ಸ್ವರಸಾಲು ಹಿಡಿದು, ಕಂಠದ ಮೇಲೋ ಕೆಳಗೋ ಸಾಗುತ್ತದೆ. ನಮ್ಮ ಪಿಟೀಲು ರಾಗವನ್ನು ಬೆಳೆಸುತ್ತದೆ, ಅವರದು ಹಾಡಿಗೆ ಎರಡನೆಯ ದನಿಯಾಗುತ್ತದೆ. ಎರಡು ಕಡೆಯೂ ಪದಕ್ಕೆ ಬೇಕಾದಷ್ಟು ಬಿಡುವು ಸಿಗುತ್ತದೆ.

ವಚನಕ್ಕೂ ಈ ಬಿಡುವು ಬೇಕು. ಒಂದೇ ವಚನವನ್ನು ಒಬ್ಬರೇ ಗಾಯಕರು ಮೊದಲು ತಬಲಾದೊಡನೆ, ಆಮೇಲೆ ಪಿಟೀಲೊಂದರ ಜೊತೆಗೆ ಹಾಡಿ ಧ್ವನಿಮುದ್ರಿಸಿದರೆ ಹೋಲಿಕೆ ಸಾಧ್ಯ. ಉಸಿರು ಎಲ್ಲಿ ನಿಲ್ಲುತ್ತದೆ, ಯಾವ ಪದ ಎಳೆತಕ್ಕೆ ಸಿಗುತ್ತದೆ, ಅಂಕಿತಕ್ಕೆ ಬರುವಾಗ ಅರ್ಥ ಎಷ್ಟು ಇಡಿಯಾಗಿ ಉಳಿಯುತ್ತದೆ ಎಂಬ ಮೂರನ್ನು ಗುರುತು ಹಾಕಿಕೊಳ್ಳಬೇಕು. ದಾವಣಗೆರೆಯಲ್ಲಿ ಹಾಡುವವರೂ ಇದ್ದಾರೆ, ಬಲ್ಲ ಕೇಳುಗರೂ ಇದ್ದಾರೆ. ಈ ಕೆಲಸ ಇಲ್ಲಿಂದಲೇ ಶುರುವಾಗಲಿ.