ಅಪ್ಪಿಕೋ: ಯುವಕ ಮಂಡಳಿಗಳು ಕೊಡಲಿ ತಡೆದಿದ್ದು ಹೇಗೆ?

1983ರ ಸೆಪ್ಟೆಂಬರ್ 8. ಉತ್ತರ ಕನ್ನಡದ ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಮುತ್ತಲಿನ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಇದಕ್ಕೆ ಚಾಲನೆ ಕೊಟ್ಟಿದ್ದು ಹಳ್ಳಿಗಳ ಯುವಕ ಮಂಡಳಿಗಳು. ಚಳವಳಿಯ ಮುಂಚೂಣಿಯಲ್ಲಿದ್ದವರು ಪಾಂಡುರಂಗ ಹೆಗಡೆ.

ಕಾರಣ ಭಾವುಕತೆ ಅಲ್ಲ, ಬದುಕು. ಸಹಜ ಕಾಡು ಕಡಿದು ತೇಗದ ನೆಡುತೋಪು ಬೆಳೆಸೋದು ಆಗ ಅರಣ್ಯ ಇಲಾಖೆಯ ನೀತಿ. ತೇಗದಿಂದ ಬೊಕ್ಕಸಕ್ಕೆ ಕಾಸು ಬರುತ್ತೆ, ನಿಜ. ಆದರೆ ಅಡಿಕೆ ತೋಟಕ್ಕೆ ಸೊಪ್ಪು, ಹಳ್ಳಕ್ಕೆ ನೀರು ಬರೋದು ಸಹಜ ಕಾಡಿನಿಂದ. ಯುವಕರು ಮೊದಲು ಇಲಾಖೆಗೆ ಪತ್ರ ಬರೆದರು. ಕಡಿತ ನಿಲ್ಲಲಿಲ್ಲ. ಆಮೇಲೆ ಮರ ಅಪ್ಪಿದರು. 38 ದಿನಗಳ ಹೋರಾಟದ ನಂತರ ಕಡಿತದ ಆದೇಶ ವಾಪಸಾಯಿತು. 1990ರಲ್ಲಿ ರಾಜ್ಯ ಸರ್ಕಾರ ಪಶ್ಚಿಮ ಘಟ್ಟದ ಸಹಜ ಕಾಡುಗಳಲ್ಲಿ ಹಸಿಮರ ಕಡಿತಕ್ಕೇ ತಡೆ ಹಾಕಿತು.

ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಇದರಲ್ಲಿ ‘ಉಳಿಸು’ ಮೊದಲು ಬರುತ್ತೆ. ಜೂನ್ 5ರಂದು ಸಸಿ ನೆಡುವ ಯುವಕರಿಗೆ ಎಲ್ಲರೂ ಚಪ್ಪಾಳೆ ತಟ್ತಾರೆ. ಇರುವ ಮರ ಯಾಕೆ ಕಡೀತೀರಿ ಅಂತ ಕೇಳಿದರೆ ‘ಅಭಿವೃದ್ಧಿ ವಿರೋಧಿ’ ಅಂತಾರೆ.

ಕೇಳೋಕೆ ಇವತ್ತು ಕಾನೂನಿನ ಬಲವೂ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ನಿಮ್ಮ ಪಂಚಾಯ್ತಿಯ ಸಮಿತಿ ಕೊನೆಯ ಸಭೆ ನಡೆಸಿದ್ದು ಯಾವಾಗ? ಮುಂದಿನ ಗ್ರಾಮಸಭೆಯಲ್ಲಿ ಕೇಳಿ.