ಕೆಲಸದ ಹೊರೆ ನಿರ್ವಹಣಾ ತಂತ್ರಾಂಶ

ಸಂಸ್ಥೆಯೊಂದರಲ್ಲಿ ಯಾರಿಗೆ ಎಷ್ಟು ಕೆಲಸ ಬಿದ್ದಿದೆ, ಅದನ್ನು ಮಾಡಲು ಅವರ ಬಳಿ ಎಷ್ಟು ಗಂಟೆ ಇದೆ ಎಂಬ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಗಣಕ ತಂತ್ರಾಂಶ. ಗಂಟೆಗಳನ್ನು ಮೀರಿ ಕೆಲಸ ಬಿದ್ದವರ ಸಾಲು ಸಾಮಾನ್ಯವಾಗಿ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಜಿರಾ, ಅಸಾನಾ, ಜೋಹೊ ಪ್ರಾಜೆಕ್ಟ್ಸ್ ಮೊದಲಾದವುಗಳಲ್ಲಿ ಈ ಸೌಲಭ್ಯ ಒಂದಲ್ಲ ಒಂದು ರೂಪದಲ್ಲಿದೆ.

ಇದರ ಬೇರು ಗಣಕಕ್ಕಿಂತ ಹಳೆಯದು. ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಪ್ರಚಾರಕ್ಕೆ ತಂದ ಪಟ್ಟಿ ನಕ್ಷೆಗಳು ಇಂದಿಗೂ ಇಂಥ ತಂತ್ರಾಂಶಗಳ ಮುಖಪುಟದಲ್ಲಿವೆ. 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ರೂಪುಗೊಂಡ ಕ್ರಿಟಿಕಲ್ ಪಾತ್ ವಿಧಾನವು ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂಬುದನ್ನು ಹೇಳುತ್ತಿತ್ತು. ಆದರೆ ಒಬ್ಬನೇ ಮನುಷ್ಯನನ್ನು ಒಂದೇ ದಿನ ಎರಡು ಕಡೆ ನಿಲ್ಲಿಸಿದರೂ ಅದರ ಲೆಕ್ಕ ತಪ್ಪುತ್ತಿರಲಿಲ್ಲ! ಈ ಕೊರತೆ ತುಂಬಲು ಬಂದದ್ದು ರಿಸೋರ್ಸ್ ಲೆವೆಲಿಂಗ್: ತುರ್ತಿಲ್ಲದ ಕೆಲಸವನ್ನು ಮುಂದಕ್ಕೆ ತಳ್ಳಿ ಒಬ್ಬೊಬ್ಬರ ಹೊರೆಯನ್ನು ಮಟ್ಟಸಗೊಳಿಸುವುದು.

ಎಷ್ಟು ತುಂಬಿದರೆ ಅತಿಯಾಯಿತು? ಎಲ್ಲರನ್ನೂ ನೂರಕ್ಕೆ ನೂರು ತೊಡಗಿಸಿದರೆ ದಕ್ಷತೆ ಎಂದು ಭಾವಿಸುವ ಮ್ಯಾನೇಜರುಗಳು ಬಹಳ. ಸರತಿ ಸಾಲಿನ ಗಣಿತ ಇದನ್ನು ಒಪ್ಪುವುದಿಲ್ಲ. ಬ್ರಿಟಿಷ್ ಗಣಿತಜ್ಞ ಜಾನ್ ಕಿಂಗ್‌ಮನ್ 1961ರಲ್ಲಿ ಕೊಟ್ಟ ಅಂದಾಜು ಸೂತ್ರದಲ್ಲಿ, ಸಾಮರ್ಥ್ಯದ ಶೇ 80 ತುಂಬಿದಾಗ ಕಾಯುವಿಕೆಯನ್ನು ಹೆಚ್ಚಿಸುವ ಗುಣಕ 4. ಶೇ 90 ತುಂಬಿದಾಗ 9. ಶೇ 95 ತುಂಬಿದಾಗ 19. ಅಂದರೆ ಶೇ 80ರಿಂದ 95ಕ್ಕೆ ಏರಿದರೆ ಕೆಲಸ ಒಟ್ಟು ಸಾಮರ್ಥ್ಯದ ಶೇ 15ರಷ್ಟು ಮಾತ್ರ ಹೆಚ್ಚುತ್ತದೆ, ಕಾಯುವ ಅವಧಿಯಾದರೋ ಐದು ಪಟ್ಟಿನ ಹತ್ತಿರ ಬರುತ್ತದೆ. ಕೆಂಪು ಬಣ್ಣ ಕಾಣುವ ಹೊತ್ತಿಗೆ ತಡವಾಗಿರುತ್ತದೆ ಎಂಬ ಅನುಭವಸ್ಥರ ದೂರಿಗೆ ಕಾರಣ ಇದೇ.

ಹಾಗಾಗಿ ಬಣ್ಣಕ್ಕಿಂತ ಮುಂಚೆ ಗಮನಿಸಬೇಕಾದ ಸೂಚನೆಗಳಿವೆ. ಒಬ್ಬರ ಹೆಸರಿನಲ್ಲಿ ಆರಂಭವಾಗಿ ಮುಗಿಯದ ಟಾಸ್ಕ್‌ಗಳು ಏಕಕಾಲಕ್ಕೆ ಹೆಚ್ಚುವುದು, ಗಡುವು ಮತ್ತೆ ಮತ್ತೆ ಮುಂದೆ ಹೋಗುವುದು, ನಡುರಾತ್ರಿ ಅಥವಾ ಭಾನುವಾರ ಟಾಸ್ಕ್‌ಗಳು ಬದಲಾಗುವುದು, ಖಾತೆಯಲ್ಲಿ ರಜೆ ಹಾಗೇ ಉಳಿಯುವುದು. ಇನ್ನೊಂದು ಸೂಚನೆ ಸುಲಭವಾಗಿ ಕಣ್ತಪ್ಪುತ್ತದೆ: ಬೇರೆಯವರ ಕೆಲಸಗಳೆಲ್ಲ ಒಬ್ಬರ ಒಪ್ಪಿಗೆಗಾಗಿ ಕಾದು ನಿಂತಿರುವುದು. ಅಂಥವರ ಸ್ವಂತ ಪಟ್ಟಿ ಹಗುರವಾಗಿಯೇ ಕಾಣುತ್ತದೆ.

ತಂತ್ರಾಂಶದ ದೊಡ್ಡ ದೌರ್ಬಲ್ಯ ಇಲ್ಲಿದೆ. ನಮೂದಿಸದ ಕೆಲಸ ಅದಕ್ಕೆ ಗೊತ್ತಿಲ್ಲ. ಮೀಟಿಂಗ್, ಫೋನು, ಹೊಸಬರಿಗೆ ಹೇಳಿಕೊಡುವುದು, ಅಂದಾಜು ಬರೆದುಕೊಡುವುದು ಯಾವುದೂ ಟಾಸ್ಕ್ ಆಗಿ ಹುಟ್ಟುವುದಿಲ್ಲ. 2004ರ ಕೊನೆಯಲ್ಲಿ ಮೈಕ್ರೋಸಾಫ್ಟ್‌ಗಾಗಿ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ಒಂದು ಸಣ್ಣ ತಂತ್ರಾಂಶ ನಿರ್ವಹಣಾ ತಂಡದ ಕಥೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಬದಲಾವಣೆಯ ಒಂದು ಕೋರಿಕೆ ಮುಗಿಯಲು ಅಲ್ಲಿ ಸುಮಾರು 5 ತಿಂಗಳು ಹಿಡಿಯುತ್ತಿತ್ತು. ಪರಿಶೀಲಿಸಿದಾಗ ಹೊಸ ಕೋರಿಕೆಗಳ ಅಂದಾಜು ಬರೆಯುವುದರಲ್ಲೇ ತಂಡದ ಮೂರನೇ ಒಂದು ಪಾಲಿನಷ್ಟು ಸಮಯ ಹೋಗುತ್ತಿದ್ದದ್ದು ತಿಳಿಯಿತು. ಅಂದಾಜು ನಿಲ್ಲಿಸಿ, ಕೈಯಲ್ಲಿರುವ ಕೆಲಸ ಖಾಲಿಯಾದಾಗ ಮಾತ್ರ ಮುಂದಿನದನ್ನು ಎಳೆದುಕೊಳ್ಳುವ ಕ್ರಮ ತಂದ ಮೇಲೆ ಅವಧಿ ಎರಡು ವಾರಕ್ಕೆ ಇಳಿಯಿತು. ಇದನ್ನು ದಾಖಲಿಸಿದ ಡೇವಿಡ್ ಆಂಡರ್ಸನ್ 2010ರಲ್ಲಿ ‘ಕಾನ್‌ಬಾನ್’ ಪುಸ್ತಕ ಬರೆದರು. ಟೊಯೋಟಾ ಕಾರ್ಖಾನೆಯಿಂದ ಎರವಲು ಬಂದ ಈ ಕ್ರಮದಲ್ಲಿ ಪ್ರತಿ ಹಂತಕ್ಕೂ ಇಷ್ಟೇ ಕೆಲಸ ಎಂಬ ಮಿತಿ ಇರುತ್ತದೆ. ಅತಿಭಾರ ತಡೆಗಟ್ಟುವ ಉಪಾಯಗಳಲ್ಲಿ ಇದೂ ಒಂದು.

ಹೊರೆ ಅಳೆಯುವುದು ಬೇರೆ, ಮನುಷ್ಯರ ಮೇಲೆ ಕಣ್ಣಿಡುವುದು ಬೇರೆ. ಕೀಲಿಮಣೆಯ ಒತ್ತುಗಳನ್ನು ಎಣಿಸುವ ಸಾಧನಗಳು ಎರಡನೆಯ ಬಗೆಯವು. ಅತಿಭಾರದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಮೈಕ್ರೋಸಾಫ್ಟ್ ತನ್ನ ‘ಪ್ರೊಡಕ್ಟಿವಿಟಿ ಸ್ಕೋರ್’ ಎಂಬ ಸೌಲಭ್ಯದಲ್ಲಿ ನೌಕರರ ಹೆಸರು ಸಹಿತ ವಿವರ ತೋರಿಸುತ್ತಿತ್ತು, ಟೀಕೆ ಎದ್ದಾಗ 2020ರ ಡಿಸೆಂಬರ್‌ನಲ್ಲಿ ಹೆಸರುಗಳನ್ನು ತೆಗೆಯುವುದಾಗಿ ಹೇಳಿತು.

ಅತಿಭಾರದ ಪರಿಣಾಮ ಕಚೇರಿಯಲ್ಲೇ ಮುಗಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವರ್ಗೀಕರಿಸಿತು. ಅದೇ ಸಂಸ್ಥೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಂದಿಗೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35 ಹೆಚ್ಚು.

ಇಷ್ಟಾಗಿಯೂ ‘ಸಾಮರ್ಥ್ಯ’ದ ಕೋಶದಲ್ಲಿ 40 ತುಂಬಬೇಕೋ 60 ತುಂಬಬೇಕೋ ಎಂಬುದು ಆಡಳಿತದ ಕೈಯಲ್ಲಿದೆ, 60 ತುಂಬಿದರೆ ಕೆಂಪು ಸಾಲು ಹಸಿರಾಗುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಮಾನ್ಯ ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಐಟಿ ವಲಯದಲ್ಲಿ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ 2024ರಲ್ಲಿ ಚರ್ಚೆಗೆ ಬಂದಾಗ ಉದ್ಯೋಗಿಗಳ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಿದವು.