ಕೇಳುವ ಪಾಠ, ಹಾಡುವ ಉತ್ತರ

ಮನುಷ್ಯ ಬದುಕುವುದು ಯಾತಕ್ಕಾಗಿ? ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರ ಆರಂಭವಾಗುವುದೇ ಈ ಪ್ರಶ್ನೆಯಿಂದ. ಇಂಗ್ಲೆಂಡಿನ ಒಳಯುದ್ಧದ ನಡುವೆ, 1643ರಲ್ಲಿ ಪಾರ್ಲಿಮೆಂಟು ಕರೆದ ದೇವಶಾಸ್ತ್ರಜ್ಞರ ಸಭೆ 1647ರಲ್ಲಿ ಅದನ್ನು ಮುಗಿಸಿತು. ಒಟ್ಟು 107 ಪ್ರಶ್ನೆಗಳು. ಮೊದಲ ಉತ್ತರದಲ್ಲಿ ಎರಡು ಕ್ರಿಯಾಪದಗಳಿವೆ: ಒಂದು ದೇವರಿಗೆ ಮಹಿಮೆ ಸಲ್ಲಿಸುವುದು, ಇನ್ನೊಂದು ಆತನಲ್ಲಿ ಆನಂದಿಸುವುದು. ಗುರಿ ಮಾತ್ರ ಒಂದೇ. ಊರೂರೇ ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ ಆ ಜನ ಆನಂದವನ್ನು ಮೊದಲ ಪಾಠದಲ್ಲೇ ಇಟ್ಟರಲ್ಲ, ಅದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಇದರ ಮುಂದಿನ ಚರಿತ್ರೆಯನ್ನು ನೋಡಿದರೆ, ಮಹಿಮೆಯ ಮಾತನ್ನು ಉಪದೇಶಿಗಳು ಕಾಪಾಡಿದರು, ಆನಂದದ ಮಾತನ್ನು ಹೆಚ್ಚಾಗಿ ಹಾಡುಗಾರರೇ ಕಾಪಾಡಿದರು ಎನಿಸುತ್ತದೆ.

ಹೀಗೆ ಪ್ರಶ್ನೋತ್ತರದಲ್ಲಿ ಕಲಿಸುವ ಬೋಧನೆಗೆ ಯುರೋಪಿನಲ್ಲಿರುವ ‘ಕ್ಯಾಟೆಕಿಸಂ’ ಎಂಬ ಹೆಸರಿನ ಬೇರು ಗ್ರೀಕಿನದು. ಅದರೊಳಗೆ ‘ಎಕೋ’, ಅಂದರೆ ಮಾರ್ದನಿ, ಅಡಗಿದೆ. ಕಿವಿಗೆ ಬೀಳುವಂತೆ ನುಡಿದು ಕಲಿಸುವುದು ಎಂದು ಅರ್ಥ. ಹಾಡಿನ ನಂಟು ಹೀಗೆ ಹೆಸರಿನಲ್ಲೇ ಇದೆ. 1529ರಲ್ಲಿ ಕಿರು ಪ್ರಶ್ನೋತ್ತರ ಬರೆದ ಲೂಥರ್ ದಶಾಜ್ಞೆಗಳನ್ನೂ ಕರ್ತನ ಪ್ರಾರ್ಥನೆಯನ್ನೂ ಹಾಡಾಗಿ ಕಟ್ಟಿಕೊಟ್ಟ. 1542ರಲ್ಲಿ ಗೋವಾಕ್ಕೆ ಬಂದ ಫ್ರಾನ್ಸಿಸ್ ಕ್ಸೇವಿಯರ್ ಬೀದಿಯಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಸೇರಿಸುತ್ತಿದ್ದ, ವಿಶ್ವಾಸದ ಪಾಠವನ್ನು ರಾಗದಲ್ಲಿ ಹೇಳಿಸುತ್ತಿದ್ದ. ಅಲ್ಲಿಯೇ ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಬರೆದ ಧರ್ಮಬೋಧೆ, ಆತ ತೀರಿಕೊಂಡ ಮೇಲೆ, 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು.

ಆನಂದದ ಮಾತಿಗೆ ಬೇರು ಇನ್ನೂ ಆಳದಲ್ಲಿದೆ. ಲೋಕದ ವಸ್ತುಗಳು ಬಳಸಲು, ದೇವರೊಬ್ಬನೇ ಅನುಭವಿಸಲು ಎಂಬ ಭೇದವನ್ನು ಸಂತ ಅಗಸ್ಟೀನ್ ಮೊದಲೇ ಮಾಡಿದ್ದ. ಕನ್ನಡದಲ್ಲಿ ಯೋಚಿಸುವವನಿಗೆ ಇಲ್ಲೊಂದು ತೊಡಕು ಬರುತ್ತದೆ. ‘ಭೋಗಿಸು’ ಎಂದರೆ ನಮ್ಮ ಕಿವಿ ಅನುಮಾನಿಸುತ್ತದೆ; ‘ಆನಂದಿಸು’ ಎಂದರೆ ತುಸು ತೆಳುವಾಗುತ್ತದೆ. ‘ಅನುಭವಿಸು’ ಎಂಬುದೇ ಹತ್ತಿರದ ಮಾತು, ಏಕೆಂದರೆ ನಾವು ನೋವನ್ನೂ ಅನುಭವಿಸುತ್ತೇವೆ.

ವೆಸ್ಟ್‌ಮಿನ್‌ಸ್ಟರಿನ ಪುಸ್ತಕವನ್ನು ಸ್ಕಾಟ್ಲೆಂಡಿನ ಸಭೆ 1648ರಲ್ಲಿ ಒಪ್ಪಿಕೊಂಡಿತು. ಎರಡು ವರ್ಷಗಳ ಬಳಿಕ ಛಂದೋಬದ್ಧ ಕೀರ್ತನೆಗಳ ಪುಸ್ತಕವೂ ಬಂತು. ವಾದ್ಯವಿಲ್ಲದೆ ಆ ಕೀರ್ತನೆಗಳನ್ನು ಹಾಡುವುದು ಅಲ್ಲಿಯ ಆರಾಧನೆಯ ಉಸಿರಾಯಿತು. ಬೈಬಲಿನ ಕೀರ್ತನೆಗಳಾಚೆಗೂ ಸ್ವಂತ ಮಾತಿನಲ್ಲಿ ಹಾಡಬಹುದು ಎಂಬ ದಾರಿಯನ್ನು ಇಂಗ್ಲೆಂಡಿನಲ್ಲಿ ಐಸಾಕ್ ವಾಟ್ಸ್ 1707ರ ಗೀತಸಂಗ್ರಹದಿಂದ ಅಗಲಗೊಳಿಸಿದ. ಮಕ್ಕಳಿಗಾಗಿ ಪ್ರಶ್ನೋತ್ತರಗಳನ್ನೂ ಬರೆದವನು ಆತ.

ಪ್ರಶ್ನೋತ್ತರದ ಅತ್ಯಂತ ಕಹಿಯಾದ ಅಧ್ಯಾಯ ಅಮೆರಿಕದ ದಕ್ಷಿಣದ್ದು. ಜಾರ್ಜಿಯಾದ ಪ್ರೆಸ್ಬಿಟೇರಿಯನ್ ಬೋಧಕ, ತೋಟದ ಒಡೆಯ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಗುಲಾಮರಿಗೆ ಬಾಯಿಪಾಠ ಮಾಡಿಸಲೆಂದೇ 1830ರ ದಶಕದಲ್ಲಿ ಒಂದು ಪ್ರಶ್ನೋತ್ತರ ಬರೆದ. ಅದರಲ್ಲಿ ಒಡೆಯನಿಗೆ ವಿಧೇಯನಾಗಿರಬೇಕೆಂಬ ಪಾಠವೂ ಇತ್ತು. ದೇವರ ಮಹಿಮೆಯ ಹೆಸರಿನಲ್ಲಿ ಹೀಗೆ ಮನುಷ್ಯನನ್ನು ಕಟ್ಟಿಹಾಕಿದ್ದನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು. ಆದರೆ ಅದೇ ಗುಲಾಮರು ತಮ್ಮದೇ ಕೂಟಗಳಲ್ಲಿ ಬೇರೆ ಪ್ರಶ್ನೋತ್ತರ ನಡೆಸುತ್ತಿದ್ದರು: ಒಬ್ಬ ಎತ್ತಿಕೊಡುವುದು, ಎಲ್ಲರೂ ಕೂಡಿ ಮರುದನಿ ಕೊಡುವುದು. ‘ಸ್ಪಿರಿಚುಯಲ್’ ಎಂದು ಹೆಸರಾದ ಆ ಹಾಡುಗಳನ್ನು 1871ರಿಂದ ಫಿಸ್ಕ್ ಜುಬಿಲಿ ಗಾಯಕರು ಊರೂರಿಗೆ ಒಯ್ದರು.

ಗಾಸ್ಪೆಲ್ ಸಂಗೀತಕ್ಕೆ ಇಪ್ಪತ್ತನೆಯ ಶತಮಾನದ ರೂಪ ಕೊಟ್ಟವನು ಷಿಕಾಗೋದ ಥಾಮಸ್ ಡಾರ್ಸಿ. ಒಂದು ಕಾಲಕ್ಕೆ ಬ್ಲೂಸ್ ಪಿಯಾನೊ ನುಡಿಸುತ್ತಿದ್ದವನು. 1932ರ ಆಗಸ್ಟ್‌ನಲ್ಲಿ ಆತ ಸೇಂಟ್ ಲೂಯಿಸಿನ ಕೂಟವೊಂದಕ್ಕೆ ಹೋಗಿದ್ದಾಗ, ಹೆರಿಗೆಯಲ್ಲಿ ಹೆಂಡತಿ ನೆಟ್ಟೀ ತೀರಿಕೊಂಡಳೆಂದು ತಂತಿ ಬಂತು. ಬೆನ್ನಿಗೇ ಕೂಸೂ ಹೋಯಿತು. ಕೆಲ ದಿನಗಳ ಮೇಲೆ ಪಿಯಾನೊ ಮುಂದೆ ಕುಳಿತವನಿಂದ, ದೇವರೇ ನನ್ನ ಕೈ ಹಿಡಿ ಎಂದು ಬೇಡುವ ಹಾಡು ಹುಟ್ಟಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಸಂಸ್ಕಾರದ ದಿನ ಮಹೇಲಿಯಾ ಜಾಕ್ಸನ್ ಅದನ್ನು ಹಾಡಿದರು. ಆನಂದಿಸುವುದೆಂದರೆ ನಗುವುದಲ್ಲ, ಬಿಡದೆ ಹಿಡಿದುಕೊಳ್ಳುವುದು ಎಂದು ನನಗೆ ತಿಳಿದದ್ದು ಈ ಹಾಡಿನಿಂದ, ಯಾವ ವ್ಯಾಖ್ಯಾನದಿಂದಲೂ ಅಲ್ಲ. 1970ರ ದಶಕದ ಆರಂಭದಲ್ಲಿ ಆಂದ್ರೇ ಕ್ರೌಚ್ ಬರೆದ ‘ಮೈ ಟ್ರಿಬ್ಯೂಟ್’ ಹಾಡಿನಲ್ಲಂತೂ ಮಹಿಮೆಯೂ ಆನಂದವೂ ಒಂದೇ ಉಸಿರಿನಲ್ಲಿ ಬರುತ್ತವೆ.

ಹಾಡುಗಾರರಿಗೆ ಗೊತ್ತಿದ್ದದ್ದನ್ನು ಬರಹಗಾರರೂ ಹೇಳಿದರು. ಸಿ.ಎಸ್. ಲೂಯಿಸ್ 1958ರಲ್ಲಿ ಕೀರ್ತನೆಗಳ ಕುರಿತು ಬರೆಯುತ್ತ ಪ್ರಶ್ನೋತ್ತರದ ಮೊದಲ ಉತ್ತರದ ಎರಡು ಕ್ರಿಯಾಪದಗಳು ಕೊನೆಗೆ ಒಂದೇ ಎಂದು ಕಂಡುಕೊಂಡ. ಜಾನ್ ಪೈಪರ್ 1986ರ ಪುಸ್ತಕದಲ್ಲಿ, ಆನಂದಿಸುವುದರ ಮೂಲಕವೇ ಮಹಿಮೆ ಸಲ್ಲುತ್ತದೆ ಎಂದು ವಾದಿಸಿದರು.

ನಮ್ಮ ಕಡೆಗೆ ಈ ಧಾರೆ ಮುಖ್ಯವಾಗಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಹರಿಯಿತು. ನಿಘಂಟಿನ ಕಿಟ್ಟೆಲ್ ಕ್ರಿಸ್ತನ ಕತೆಯನ್ನು ದೇಶೀ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದರು. ಜರ್ಮನ್ ರಾಗಗಳಿಗೆ ಕನ್ನಡದ ಮಾತು ಹೊಂದಿಸಿಕೊಂಡು ಸಭೆಗಳು ಹಾಡತೊಡಗಿದವು.

2012ರಲ್ಲಿ ನ್ಯೂಯಾರ್ಕಿನ ರಿಡೀಮರ್ ಸಭೆಯೂ ಜೊತೆಯವರೂ ವರ್ಷದ ವಾರಕ್ಕೊಂದರಂತೆ 52 ಪ್ರಶ್ನೆಗಳ ‘ನ್ಯೂ ಸಿಟಿ ಕ್ಯಾಟೆಕಿಸಂ’ ಹೊರತಂದರು. ಅದರ ಉತ್ತರಗಳನ್ನು ಮಕ್ಕಳು ಹಾಡಿ ಕಲಿಯುತ್ತಾರೆ, ಕ್ಸೇವಿಯರನ ಗಂಟೆ ಕೇಳಿ ಓಡಿಬಂದ ಗೋವಾದ ಮಕ್ಕಳ ಹಾಗೆ.